ಹಿಟ್ಟಿನ ಸೈಕಲ್ಲಿಗೆ ಮೋಟರು ಆರಿಸಿದ ಬಗೆ

ಹನುಮಂತನಗರದಲ್ಲಿ ದೋಸೆ ಹಿಟ್ಟು ರುಬ್ಬಿ ಸುತ್ತಮುತ್ತಲಿನ ಅಂಗಡಿಗಳಿಗೆ ಕೊಡುವುದು ನಮ್ಮ ಕಸುಬು. ಐವತ್ತು ಕಿಲೋ ಹೊರಲೆಂದು ಹಳೆಯ 26 ಇಂಚಿನ ಸೈಕಲ್ಲಿಗೆ ಉದ್ದನೆಯ ಕ್ಯಾರಿಯರ್ ವೆಲ್ಡ್ ಮಾಡಿಸಿ, ಹಿಂದಿನ ಚಕ್ರಕ್ಕೆ ದೊಡ್ಡ ಹಬ್ ಮೋಟರನ್ನು, ಎಂದರೆ ಚಕ್ರದ ನಡುವಿನಲ್ಲೇ ಕೂರುವ ಮೋಟರನ್ನು, ಒಳಗೆ ಗೇರುಗಳಿಲ್ಲದ್ದನ್ನು ಕೂಡಿಸಿದ್ದೆ. ಸಮತಟ್ಟಾದ ರಸ್ತೆಯಲ್ಲಿ ಅದು ಸೊಗಸಾಗಿಯೇ ಓಡುತ್ತಿತ್ತು. ನಮ್ಮ ಬಡಾವಣೆಯಲ್ಲಿ ಅಂಥ ರಸ್ತೆಗಳೇ ಕಡಿಮೆ. ಮೂರನೆಯ ವಾರ ಏರಿನ ನಡುವೆ ವಾರ್ನಿಷ್ ಸುಟ್ಟ ವಾಸನೆ ಬಂದು ಮೋಟರು ನಿಂತುಹೋಯಿತು.

ಬದಲಿ ಕೊಳ್ಳಲು ಹೋದಾಗ ಅಂಗಡಿಯವರು, “ಸಾವಿರ ವ್ಯಾಟಿಂದು ಹಾಕ್ಕೊಳ್ಳಿ ಸಾರ್, ಯೋಚ್ನೇನೇ ಬೇಡ” ಎಂದರು. 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯನ್ನು ದಾಟಿದರೆ ನೋಂದಣಿಯ ಗೊಡವೆ ಬರುತ್ತದೆ ಎಂಬುದು ಒಂದು ಮಾತು. ನಿಜವಾದ ತೊಡಕು ಬೇರೆಯೇ ಇತ್ತು: ಏರಿನಲ್ಲಿ ಚಕ್ರ ನಿಧಾನವಾದಂತೆ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ, ಮತ್ತು ಅದರ ದೊಡ್ಡ ಪಾಲು ಎಳೆತವಾಗದೆ ವೈಂಡಿಂಗಿನಲ್ಲಿ (ಮೋಟರಿನೊಳಗಿನ ತಂತಿಯ ಸುರುಳಿಯಲ್ಲಿ) ಶಾಖವಾಗಿ ಹೋಗುತ್ತದೆ.

ಹಾಗಾಗಿ ಮೊದಲು ಏರನ್ನೇ ಅಳೆದೆ. ಗಾರೆಯವರಿಂದ ರಸಮಟ್ಟ ತಂದು, ಒಂದು ಮೀಟರ್ ಉದ್ದದ ರೀಪರನ್ನು ರಸ್ತೆಯ ಮೇಲಿಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಕೆಳತುದಿಯನ್ನು ಎತ್ತಿ ಹಿಡಿದು, ಅಡಿಯ ಸಂದನ್ನು ಟೇಪಿನಿಂದ ನೋಡಿದೆ. ನಾಲ್ಕು ಕಡೆಯ ಸರಾಸರಿ ಏಳು ಸೆಂ.ಮೀ., ಎಂದರೆ ನೂರು ಮೀಟರಿಗೆ ಏಳು ಮೀಟರ್ ಏರು. ಸೈಕಲ್, ನಾನು, ಹಿಟ್ಟು ಸೇರಿ 150 ಕಿಲೋ. ಅದನ್ನು ಮೇಲೆಳೆಯಲು ಸುಮಾರು 103 ನ್ಯೂಟನ್, ಟೈರಿನ ಉರುಳು ತಡೆಗೆ ಇನ್ನೊಂದು 15. ಈ 118 ನ್ಯೂಟನ್ ಎಳೆತಕ್ಕೆ 26 ಇಂಚಿನ ಚಕ್ರದಲ್ಲಿ 39 ನ್ಯೂಟನ್ ಮೀಟರ್ ತಿರುಚುಬಲ ಬೇಕು, 20 ಇಂಚಿನದರಲ್ಲಿ 30 ಸಾಕು. ಗಂಟೆಗೆ ಒಂಬತ್ತು ಕಿ.ಮೀ. ವೇಗದಲ್ಲಿ ಏರಿದರೆ ಒಟ್ಟು 295 ವ್ಯಾಟ್; ಅದರಲ್ಲಿ ಮೂರನೆಯ ಒಂದು ಪಾಲನ್ನು ನನ್ನ ಕಾಲುಗಳೇ ಕೊಡಬಲ್ಲವು.

ಪೆಡಲಿನ ಬಳಿ ಕೂರುವ ಮಿಡ್ ಡ್ರೈವ್ ಮೋಟರು ಸೈಕಲ್ಲಿನ ಗೇರುಗಳನ್ನೇ ಬಳಸುವುದರಿಂದ ಏರಿಗೆ ಅದೇ ಉತ್ತಮ. ಆದರೆ ಚೈನು ಬೇಗ ಸವೆಯುತ್ತದೆ, ಬೆಳಿಗ್ಗೆ ಆರಕ್ಕೆ ಚೈನು ತುಂಡಾದರೆ ನನ್ನ ಹಿಟ್ಟು ಹುಳಿಯಾಗುತ್ತದೆ. ಕೊನೆಗೆ ಚೌಕಟ್ಟಿನ ಹಿಂಭಾಗವನ್ನು 20 ಇಂಚಿನ ಚಕ್ರಕ್ಕೆ ತಕ್ಕಂತೆ ಮತ್ತೆ ಕಟ್ಟಿಸಿ, ಚಕ್ರ ನಿಧಾನವಾದರೂ ಮೋಟರು ವೇಗವಾಗಿಯೇ ತಿರುಗುವಂತೆ ಒಳಗೇ ಗೇರುಗಳಿರುವ 250 ವ್ಯಾಟಿನ ಹಬ್ ಮೋಟರನ್ನು ಆರಿಸಿದೆ. ಚಿಕ್ಕ ಚಕ್ರ 25 ಕಿ.ಮೀ. ವೇಗಕ್ಕೆ ನಿಮಿಷಕ್ಕೆ ಸುಮಾರು 265 ಸುತ್ತು ತಿರುಗಬೇಕಾದ್ದರಿಂದ ಅದಕ್ಕೆ ಹೊಂದುವ ವೈಂಡಿಂಗನ್ನೇ ಕೇಳಿ ತಂದೆ. ಆಕ್ಸಲ್ ತಿರುಗಿ ವೈರು ಕಿತ್ತುಹೋಗದಂತೆ ಎರಡೂ ಬದಿಗೆ ಟಾರ್ಕ್ ಆರ್ಮ್, ಎಂದರೆ ಆಕ್ಸಲನ್ನು ಚೌಕಟ್ಟಿಗೆ ಹಿಡಿದಿಡುವ ಪಟ್ಟಿ, ಬಿಗಿಸಿದ್ದೇನೆ.

ಏರು ಮುಗಿದ ಮೇಲೆ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡುವ ಅಭ್ಯಾಸ ಹಳೆಯ ಮೋಟರಿನಿಂದ ಬಂದದ್ದು. ಒಳಗೇ ಗೇರುಗಳಿರುವ ಈ ಹೊಸ ಮೋಟರಿನಲ್ಲಿ ವೈಂಡಿಂಗಿನ ಬಿಸಿ ಹೊರಚಿಪ್ಪಿಗೆ ತಡವಾಗಿ ತಲುಪುವುದರಿಂದ ಅಂಗೈಯನ್ನು ನೆಚ್ಚುವಂತಿಲ್ಲ. ಅದಕ್ಕೇ ಏರಿನ ತುದಿಯ ಅಂಗಡಿಗೆ ಮೊದಲ ಡಬ್ಬ ಇಳಿಸಿ, ಲೆಕ್ಕ ಬರೆದುಕೊಳ್ಳುವ ಐದು ನಿಮಿಷ ಮೋಟರನ್ನು ಆರಲು ಬಿಡುತ್ತೇನೆ.