ಆನೆಗೊಂದಿಗೆ ಎರಡು ದಿನ: ಮೊದಲು ಹೊಳೆಯನ್ನು ಕೇಳಿ

ಹಂಪಿಯ ಎದುರು ದಡದ ಆನೆಗೊಂದಿಗೆ ಹೊರಡುವವರು ಮೊದಲು ರೂಮು ನೋಡುತ್ತಾರೆ, ಆಮೇಲೆ ಬಸ್ಸು. ಹೊಳೆಯ ಸುದ್ದಿ ವಿಚಾರಿಸುವುದು ದಡಕ್ಕೆ ಬಂದು ನಿಂತ ಮೇಲೆ. ಈ ಕ್ರಮ ತಿರುವುಮುರುವಾಗಬೇಕು. ಯತಿಗಳ ಸಮಾಧಿಗಳಿರುವ ನವವೃಂದಾವನ ಇರುವುದು ತುಂಗಭದ್ರೆಯ ನಡುಗಡ್ಡೆಯಲ್ಲಿ, ಅರವತ್ನಾಲ್ಕು ಕಂಬದ ಮಂಟಪ ನಿಂತಿರುವುದು ಹೊಳೆಯ ಪಾತ್ರದಲ್ಲೇ. ತುಂಗಭದ್ರಾ ಜಲಾಶಯದಿಂದ ನದಿಗೆ ಜೋರಾಗಿ ನೀರು ಬಿಟ್ಟ ದಿನ ಎರಡೂ ಕೈಗೆ ಸಿಗುವುದಿಲ್ಲ.

ಕೊಪ್ಪಳ, ಬಳ್ಳಾರಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಜಲಾಶಯದ ಲೆಕ್ಕ ಬರುತ್ತದೆ. ಪೂರ್ಣ ಮಟ್ಟ 1633 ಅಡಿ. ಆದರೆ ನೀವು ನೋಡಬೇಕಾದದ್ದು ಮಟ್ಟವನ್ನಲ್ಲ, ನದಿಗೆ ಬಿಟ್ಟ ನೀರನ್ನು. ಕಾಲುವೆಗೆ ಬಿಟ್ಟ ನೀರಿನಿಂದ ನಿಮಗೆ ತೊಂದರೆಯಿಲ್ಲ. ನದಿಗೆ ನೀರು ಬಿಡುವ ಕ್ರಸ್ಟ್ ಗೇಟು ತೆರೆದಿದ್ದರೆ ದೋಣಿ ನಿಲ್ಲುತ್ತದೆ, ಅಷ್ಟೇ. ‘ಮಂಟಪ ಮುಳುಗಿತು’ ಎಂಬ ಸುದ್ದಿ ಕಂಡರೆ ಪ್ರವಾಸ ಎರಡು ವಾರ ಮುಂದಕ್ಕೆ ಹಾಕಿ. ಜುಲೈಯಿಂದ ಅಕ್ಟೋಬರ್‌ವರೆಗೆ ಈ ಅನುಮಾನ ಇದ್ದೇ ಇರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ನಿರಾತಂಕದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಲ್ಲುಗುಡ್ಡಗಳ ಊರಿನಲ್ಲಿ ಆ ಕಾವು ರಾತ್ರಿಯೂ ಇಳಿಯದು.

ಹೋಗುವ ದಾರಿಗೂ ಹೊಳೆಯ ಮಾತು ಬೇಕು. ಬಳ್ಳಾರಿಯಿಂದ ಬರುವವರಿಗೆ ಕಂಪ್ಲಿ ಮೇಲೆ ಗಂಗಾವತಿ ಹತ್ತಿರದ ಹಾದಿ, ಆದರೆ ಪ್ರವಾಹ ಬಂದಾಗ ಮೊದಲು ಬಂದ್ ಆಗುವುದೇ ಕಂಪ್ಲಿ ಸೇತುವೆ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯಿಂದ ಬನ್ನಿ. ಹೊಸಪೇಟೆಯಲ್ಲಿ ರೈಲು ಇಳಿದವರಿಗೂ ಅದೇ ಸೇತುವೆ. ರಾಯಚೂರಿನವರು ಸಿಂಧನೂರು, ಕಾರಟಗಿ ದಾಟಿ ಗಂಗಾವತಿಗೆ ಬಂದರೆ ಹೊಳೆಯ ತಂಟೆಯೇ ಇಲ್ಲ. ಗಂಗಾವತಿಯಿಂದ ಆನೆಗೊಂದಿಗೆ ಬಸ್ಸು, ಆಟೊ ಎರಡೂ ಇವೆ. ನಗದನ್ನು ಗಂಗಾವತಿಯಲ್ಲೇ ತೆಗೆದುಕೊಳ್ಳಿ, ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ.

ಉಳಿಯುವ ಜಾಗದ ಬಗ್ಗೆ ಒಂದೇ ಎಚ್ಚರಿಕೆ. ಇದು ಹಂಪಿ ವಿಶ್ವಪರಂಪರೆ ಪ್ರದೇಶಕ್ಕೆ ಸೇರಿದ ನೆಲ, ಕಟ್ಟಡಗಳ ಮೇಲೆ ನಿರ್ಬಂಧವಿದೆ. ಪಕ್ಕದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಲಾಯಿತು. ಆನ್‌ಲೈನಿನಲ್ಲಿ ಹಳೆಯ ಫೋಟೊ ನೋಡಿ ಪೂರ್ತಿ ಹಣ ಕಟ್ಟಬೇಡಿ. ಫೋನ್ ಮಾಡಿ, ಪರವಾನಗಿ ಇದೆಯೇ ಎಂದು ಕೇಳಿ.

ಶನಿವಾರ ಹನುಮನ ವಾರ, ಅವನು ಹುಟ್ಟಿದ ಜಾಗವೆಂದು ನಂಬುವ ಅಂಜನಾದ್ರಿ ಬೆಟ್ಟದಲ್ಲಿ ನೂಕುನುಗ್ಗಲು. ಅದಕ್ಕೇ ಶನಿವಾರ ಹೊಳೆಗೆ, ಭಾನುವಾರ ಬೆಟ್ಟಕ್ಕೆ ಎಂದು ಇಟ್ಟುಕೊಳ್ಳಿ. ಡಿಸೆಂಬರ್ ಸುಮಾರಿಗೆ, ವ್ರತದ ಮಾಲೆ ತೊಟ್ಟ ಭಕ್ತರು ಬೆಟ್ಟಕ್ಕೆ ಬಂದು ಅದನ್ನು ತೆಗೆಯುವ ಹನುಮಮಾಲೆ ವಿಸರ್ಜನೆ ಬರುತ್ತದೆ. ಮಾಲಾಧಾರಿ ಅಲ್ಲದವರು ಆ ವಾರಾಂತ್ಯ ಬಿಟ್ಟುಬಿಡುವುದು ಮೇಲು.

ಶನಿವಾರ ಬೆಳಿಗ್ಗೆ ವಗ್ಗರಣಿ-ಮಿರ್ಚಿ ತಿಂದು ನೇರ ನವವೃಂದಾವನದ ದೋಣಿಗಟ್ಟೆಗೆ ಹೋಗಿ. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಲ್ಲಿ ಪದ್ಮನಾಭತೀರ್ಥರದು ಎಲ್ಲಕ್ಕಿಂತ ಹಳೆಯದು. ಅವರು ಮಧ್ವಾಚಾರ್ಯರ ನೇರ ಶಿಷ್ಯರು. ನಡುವೆ ಇರುವುದು ಕೃಷ್ಣದೇವರಾಯನ ಕಾಲದ ವ್ಯಾಸರಾಜರದು, ಉಳಿದ ಎಂಟು ಅದರ ಸುತ್ತ. ಇದು ಪೂಜೆ ನಡೆಯುವ ಜಾಗ. ವೃಂದಾವನಗಳ ಸುತ್ತ ಎಳೆದ ಗೆರೆ ದಾಟಬೇಡಿ, ಮುಟ್ಟಬೇಡಿ, ಮೊಬೈಲ್ ಒಳಗಿಡಿ. ಆರಾಧನೆಯ ದಿನವಾದರೆ ದೋಣಿಗೆ ಕಾಯುವುದೇ ಎರಡು ಗಂಟೆ ಆದೀತು.

ಮಧ್ಯಾಹ್ನ ಬಿಸಿಲಿಗೆ ಊರೊಳಗೇ ಇರಿ: ರಂಗನಾಥ ಗುಡಿ, ಗಗನಮಹಲ್, ಹುಚ್ಚಪ್ಪಯ್ಯನ ಮಠದ ಕಪ್ಪುಕಲ್ಲಿನ ಕಂಬಗಳು. ಬಾಳೆನಾರಿನ ಬುಟ್ಟಿ, ಚಾಪೆ ಹೆಣೆಯುವ ಹೆಣ್ಣುಮಕ್ಕಳಿಂದ ನೇರವಾಗಿ ಕೊಳ್ಳಿ. ಬಿಸಿಲು ಇಳಿದ ಮೇಲೆ ಊರಿನ ಚಿಂತಾಮಣಿ ಗುಡಿಯ ದಡದಲ್ಲಿ ಕೂತರೆ ಹೊಳೆ ಕಲ್ಲುಗಳ ನಡುವೆ ತಿರುಗುವುದು ಕಾಣುತ್ತದೆ. ಈ ಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಸದ್ದು ಮಾಡದೆ ಕೂತವರಿಗೆ ಅದೃಷ್ಟವಿದ್ದರೆ ಒಂದು ತಲೆ ಕಂಡೀತು.

ಪಕ್ಕದ ಸಣಾಪುರ ಕೆರೆಯಲ್ಲಿ ಹರಿಗೋಲು ಏರುವವರು ಅದು ದೋಣಿಯಲ್ಲ ಎಂಬುದನ್ನು ನೆನಪಿಡಿ. ಬಿದಿರಿನ ಬುಟ್ಟಿ, ಹೊರಗೆ ಹೊದಿಕೆ, ಮೇಲೆ ಡಾಂಬರು. ಮುಂದು ಹಿಂದು ಎಂಬುದಿಲ್ಲ, ತಳ ಚಪ್ಪಟೆ. ಒಬ್ಬರು ಎದ್ದು ನಿಂತರೆ ಇಡೀ ಭಾರ ಆ ಅಂಚಿಗೆ ವಾಲುತ್ತದೆ, ನೀರು ಒಳನುಗ್ಗಲು ಅಷ್ಟು ಸಾಕು. ಅಂಚಿಗೆ ಬೆನ್ನು ಕೊಟ್ಟು ಎದುರುಬದುರು ಸಮನಾಗಿ ತಳದಲ್ಲೇ ಕೂರಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ, ಇದರಲ್ಲಿ ರಾಜಿ ಬೇಡ. ಬಂಡೆಯಿಂದ ನೀರಿಗೆ ಜಿಗಿಯುವುದಂತೂ ಬೇಡವೇ ಬೇಡ. ಮೇಲೆ ನಿಶ್ಚಲ ಕಂಡರೂ ಅಡಿಯಲ್ಲಿ ಕಲ್ಲುಸಂದುಗಳ ಸೆಳೆತವಿದೆ. ಚಿರತೆ ಓಡಾಡುವ ಸೀಮೆ, ಕತ್ತಲಾದ ಮೇಲೆ ಕೆರೆಯ ಕಡೆ, ಗುಡ್ಡದ ಕಡೆ ನಿಲ್ಲಬೇಡಿ.

ಭಾನುವಾರ ಸೂರ್ಯ ಹುಟ್ಟುವ ಮುಂಚೆಯೇ ಅಂಜನಾದ್ರಿಯ ಬುಡದಲ್ಲಿರಿ. ಮೆಟ್ಟಿಲು 575, ಸುಣ್ಣ ಬಳಿದವು. ನಿಧಾನ ಹತ್ತಿದರೆ ಅರ್ಧದಿಂದ ಮುಕ್ಕಾಲು ಗಂಟೆ. ಒಂಬತ್ತರ ನಂತರ ಕಲ್ಲು ಕಾಯುತ್ತದೆ, ಬರಿಗಾಲು ಸುಡುತ್ತದೆ. ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಬರ ಸದ್ದು ಎಂದರೆ ತಿಂಡಿ ಎಂದೇ ಲೆಕ್ಕ, ಒಳಗೆ ಕಾಯಿ ಇರಲಿ, ಚಾರ್ಜರ್ ಇರಲಿ. ಬಟ್ಟೆಚೀಲದಲ್ಲಿ ಕಟ್ಟಿ ಎದೆಗೆ ಹಾಕಿಕೊಳ್ಳಿ. ಕಸಿದುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಮೇಲಿನಿಂದ ಹೊಳೆ, ಭತ್ತದ ಗದ್ದೆ, ಬಾಳೆತೋಟ, ಆಚೆ ದಡದ ಹಂಪಿ ಒಂದೇ ನೋಟಕ್ಕೆ ಸಿಗುತ್ತವೆ. ಇಳಿದು ಬರುವಾಗ ಪಂಪಾ ಸರೋವರ ಹಾದಿಯಲ್ಲೇ ಇದೆ.

ಹಿರೇಬೆಣಕಲ್ಲಿನ ಇತಿಹಾಸಪೂರ್ವ ಕಾಲದ ಶಿಲಾಸಮಾಧಿಗಳನ್ನು ಇದೇ ಭಾನುವಾರಕ್ಕೆ ತುರುಕಬೇಡಿ. ಗಂಗಾವತಿಯ ಬದಿಯ ಆ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ‘ಮೋರ್ಯರ ಮನೆ’ಗಳು ಸಾಲುಸಾಲಾಗಿವೆ, ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಅಲ್ಲಿಗೆ ರಸ್ತೆಯಿಲ್ಲ, ಕುರುಚಲಿನ ನಡುವೆ ಕಾಲುದಾರಿ ಕವಲೊಡೆಯುತ್ತದೆ, ತಪ್ಪುವುದು ಅಲ್ಲೇ. ಸೋಮವಾರ ರಜೆ ಸಿಕ್ಕರೆ ಮಾತ್ರ ಹೋಗಿ: ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಒಯ್ಯಿರಿ, ಬೆಳಗಿನ ಆರಕ್ಕೆ ಹತ್ತಲು ಶುರುಮಾಡಿ. ಮೇಲೆ ಹನಿ ನೀರು ಕೊಳ್ಳಲೂ ಒಂದು ಅಂಗಡಿಯಿಲ್ಲ.