ಡೆಲ್ಲಿಗೆ ಹೋದಾಗ ಎಲ್ಲಿ ಏನು ತಗೊಂಡೆ, ಹೇಗೆ ತಗೊಂಡೆ

ಮೊದಲ್ನೇ ಸಲ ಡೆಲ್ಲಿಗೆ ಹೋಗಿದ್ದಾಗ ಶಾಪಿಂಗ್‌ಗೆ ಅಂತ ನಾವು ಇಟ್ಕೊಂಡಿದ್ದು ಕೊನೇ ದಿನ ಒಂದೇ. ಅದು ಸೋಮವಾರ. ಸರೋಜಿನಿ ನಗರ್ ಮಾರ್ಕೆಟ್‌ಗೆ ಸೋಮವಾರ ರಜಾ ಅಂತ ಯಾರೂ ಹೇಳಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಶಟರ್ ಎಳೆದಿರೋ ಅಂಗಡಿ ಸಾಲು ನೋಡ್ಕೊಂಡು ಏನು ಮಾಡೋದಪ್ಪಾ ಅಂತ ನಿಂತಿದ್ದಾಗ ಒಬ್ಬ ಆಟೋದವನು ಬಂದು, ಮೇಡಂ ಗೌರ್ಮೆಂಟ್ ಎಂಪೋರಿಯಂ ಓಪನ್ ಇದೆ, ಇಪ್ಪತ್ತು ರೂಪಾಯಿ ಕೊಡಿ ಸಾಕು ಅಂತ ಕರ್ಕೊಂಡು ಹೋದ. ಅಲ್ಲಿ ಕೂರಿಸಿ ಚಾ ಕೊಟ್ರು, ಶಾಲಿನ ರಾಶಿ ಹಾಕಿದ್ರು, ಒಂದು ಶಾಲನ್ನ ಉಂಗುರದೊಳಗೆ ತೂರಿಸಿ ಈ ಕಡೆಯಿಂದ ಆ ಕಡೆ ಎಳೆದು ತೋರಿಸಿ ಪಶ್ಮಿನಾ, ಅಂದ್ರೆ ಮೇಕೆಯ ತೀರಾ ನಯವಾದ ಉಣ್ಣೆದು ಅಂದ್ರು, ನಾನು 3,200 ಕೊಟ್ಟು ಅಮ್ಮನಿಗೆ ಅಂತ ತಗೊಂಡೆ. ಊರಿಗೆ ಬಂದ್ಮೇಲೆ ಬಟ್ಟೆ ವಿಷಯ ಗೊತ್ತಿರೋ ನಮ್ಮ ಸೋದರಮಾವ ಅಂಚಿಂದ ಎರಡೆಳೆ ಕಿತ್ತು ಬೆಂಕಿಗೆ ಹಿಡಿದ್ರು. ಪೇಪರ್ ಸುಟ್ಟ ವಾಸನೆ ಬಂತು. ಉಣ್ಣೆ ಆಗಿದ್ರೆ ಕೂದಲು ಸುಟ್ಟ ಹಾಗೆ ವಾಸನೆ ಬರ್ಬೇಕಿತ್ತು. ಅದು ವಿಸ್ಕೋಸ್, ಮರದ ತಿರುಳಿಂದ ಮಾಡೋ ನೂಲು. ತೆಳ್ಳಗಿರೋ ಯಾವ ಬಟ್ಟೆ ಆದ್ರೂ ಉಂಗುರದಲ್ಲಿ ತೂರುತ್ತೆ ಅಂತ ಅವತ್ತು ಗೊತ್ತಾಯ್ತು. ಅಮ್ಮ ಏನೂ ಅನ್ಲಿಲ್ಲ, ಚೆನ್ನಾಗೇ ಇದೆ ಬಿಡೇ ಅಂತ ಹೊದ್ಕೊಂಡ್ರು. ಆದ್ರೆ ನನಗೆ ಅದು ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಎರಡು ಸಲ ಹೋಗಿ ಬಂದಿದೀನಿ, ಒಂದು ಸಲ ಅತ್ತಿಗೆ ಜೊತೆ, ಒಂದು ಸಲ ಮಗಳನ್ನ ಕರ್ಕೊಂಡು. ಆ ಎರಡು ಸಲದಲ್ಲಿ ನಾನು ಮಾಡಿದ್ದನ್ನ ಬರೀತಿದೀನಿ, ಮೊದಲ್ನೇ ಸಲ ಹೋಗೋರಿಗೆ ಉಪಯೋಗ ಆಗ್ಲಿ ಅಂತ.

ಮೊದಲು ವಾರದ ರಜೆ ನೋಡ್ಕೊಳ್ಳಿ, ಡೆಲ್ಲಿಲಿ ಒಂದೊಂದು ಮಾರ್ಕೆಟ್‌ಗೆ ಒಂದೊಂದು ದಿನ ರಜಾ. ಸರೋಜಿನಿ ನಗರ್, ಲಾಜ್‌ಪತ್ ನಗರ್ ಸೋಮವಾರ ಇಲ್ಲ. ಕೆಂಪು ಕೋಟೆಗೂ ಸೋಮವಾರವೇ ರಜಾ. ಚಾಂದನಿ ಚೌಕ್ ಕಡೆ ಹೆಚ್ಚಿನ ಅಂಗಡಿಗಳು ಭಾನುವಾರ ಇರಲ್ಲ, ಬಾಬಾ ಖಡಕ್ ಸಿಂಗ್ ಮಾರ್ಗದ ರಾಜ್ಯ ಎಂಪೋರಿಯಂಗಳೂ ಭಾನುವಾರ ಮುಚ್ಚಿರ್ತವೆ. ಹಳೇ ಪುಸ್ತಕದ ಬಜಾರ್ ಮಾತ್ರ ಭಾನುವಾರ ಒಂದೇ ದಿನ. ಹಾಗಾಗಿ ಮೂರನೇ ಸಲ ನಾನು ಗುರುವಾರ ಕನಾಟ್ ಪ್ಲೇಸ್, ಶನಿವಾರ ಹಳೇ ಡೆಲ್ಲಿ, ಭಾನುವಾರ ಬೆಳಿಗ್ಗೆ ಪುಸ್ತಕ ಸಂಜೆ ಕೈಕಸುಬಿನ ಬಜಾರು ದಿಲ್ಲಿ ಹಾಟ್, ಮಂಗಳವಾರ ಸರೋಜಿನಿ ಅಂತ ಹಾಕ್ಕೊಂಡೆ, ಮಧ್ಯದ ದಿನಗಳೆಲ್ಲ ನೋಡೋ ಜಾಗಗಳಿಗೆ. ಆಟೋ ಸಹವಾಸವೇ ಬೇಡ ಅಂದ್ರೆ ಮೆಟ್ರೋ ಯೆಲ್ಲೋ ಲೈನ್ ಒಂದೇ ಹೆಚ್ಚುಕಡಿಮೆ ಸಾಕು. ಚಾಂದನಿ ಚೌಕ್, ಚಾವ್ಡಿ ಬಜಾರ್, ಕನಾಟ್ ಪ್ಲೇಸ್‌ಗೆ ಇಳಿಯೋ ರಾಜೀವ್ ಚೌಕ್, ದಿಲ್ಲಿ ಹಾಟ್ ಪಕ್ಕದ ಐಎನ್‌ಎ, ಎಲ್ಲಾ ಅದೇ ಲೈನಲ್ಲಿ ಬರುತ್ತೆ. ಐಎನ್‌ಎಲಿ ಪಿಂಕ್ ಲೈನ್‌ಗೆ ಬದಲಾಯಿಸಿದ್ರೆ ಮುಂದಿನ ಸ್ಟೇಷನ್ನೇ ಸರೋಜಿನಿ ನಗರ್. ಅದೇ ಪಿಂಕ್ ಲೈನಲ್ಲಿ ಇನ್ನೊಂದೆರಡು ಸ್ಟೇಷನ್ ಮುಂದೆ ಹೋದ್ರೆ ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ಅಂತ ಸ್ಟೇಷನ್ ಇದೆ, ಡೆಲ್ಲಿ ಮೆಟ್ರೋಲಿ ನಮ್ಮ ವಿಶ್ವೇಶ್ವರಯ್ಯನವರ ಹೆಸರು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ನಾನು ಬದಲಾಯಿಸ್ಕೊಂಡ ದೊಡ್ಡ ವಿಷಯ ಅಂದ್ರೆ ಕ್ರಮ. ಮೊದಲು ಫಿಕ್ಸೆಡ್ ರೇಟ್ ಇರೋ ಸರ್ಕಾರಿ ಮಳಿಗೆಗಳಿಗೆ ಹೋಗಿ ಕೈ ಪಳಗಿಸ್ಕೊಂಡು, ಆಮೇಲೆ ಬೀದಿ ಅಂಗಡಿಗೆ ಇಳಿಯೋದು. ಜನಪಥ್ ರಸ್ತೆಲಿ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಇದೆ, ಕೇಂದ್ರ ಸರ್ಕಾರದ್ದು, ದೊಡ್ಡ ಬಿಲ್ಡಿಂಗು, ಇಡೀ ದೇಶದ ಕೈಕಸುಬಿನ ಸಾಮಾನು ಒಂದೇ ಕಡೆ. ಬೆಲೆ ಜಾಸ್ತಿನೇ. ನಾನು ಅಲ್ಲಿ ತಗೊಂಡಿದ್ದು ಬಹಳ ಕಡಿಮೆ, ಆದ್ರೆ ಎರಡು ಗಂಟೆ ಇದ್ದೆ. ನಿಜವಾದ ಪಶ್ಮಿನಾ ಮುಟ್ಟಿ ನೋಡಿದೆ. ಅದು ಮಿಂಚಲ್ಲ, ಜಾರಲ್ಲ, ಕೈ ಇಟ್ಟ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತೆ, ಅದರ ಬೆಲೆ ಚೀಟಿ ನೋಡಿದ್ಮೇಲಂತೂ 3,200ಕ್ಕೆ ಅದು ಸಿಗೋ ಮಾತೇ ಇಲ್ಲ ಅಂತ ಅರ್ಥ ಆಯ್ತು. ಕೈಯಲ್ಲಿ ಅಚ್ಚು ಹಾಕಿದ ಬಟ್ಟೆ ಹಿಂದೆ ತಿರುಗಿಸಿದ್ರೆ ಬಣ್ಣ ಆಚೆವರೆಗೂ ಇಳಿದಿರುತ್ತೆ, ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗೋ ಕಡೆ ಕೂದಲೆಳೆ ಅಷ್ಟು ಹೆಚ್ಚುಕಡಿಮೆ ಇರುತ್ತೆ. ಮಷಿನ್ ಪ್ರಿಂಟಲ್ಲಿ ಆ ವ್ಯತ್ಯಾಸ ಇರಲ್ಲ, ಹಿಂಬದಿ ಬಿಳಚಿಕೊಂಡಿರುತ್ತೆ. ಲಖನೌ ಕಡೆಯ ಚಿಕನ್ ಕಸೂತಿಗೂ ಅಷ್ಟೇ, ಹಿಂದೆ ತಿರುಗಿಸಿ, ಕೈಕೆಲಸ ಆದ್ರೆ ದಾರದ ತುದಿ, ಗಂಟು ಅಲ್ಲಲ್ಲಿ ಒಂದೊಂಥರ ಕಾಣುತ್ತೆ. ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ ಹೇಗಿರುತ್ತೆ ಅಂತಾನೂ ಅಲ್ಲೇ ನೋಡಿ ಫೋಟೋ ತೆಕ್ಕೊಂಡೆ. ಕಣ್ಣಿಗೆ, ಕೈಗೆ ಒಂದ್ಸಲ ಒಳ್ಳೇದು ಯಾವ್ದು ಅಂತ ಗೊತ್ತಾದ್ರೆ ಆಮೇಲೆ ಬೀದಿಲಿ ಯಾರು ಏನು ಹೇಳಿದ್ರೂ ಗಾಬರಿ ಆಗಲ್ಲ.

ಅಲ್ಲಿಂದ ಬಾಬಾ ಖಡಕ್ ಸಿಂಗ್ ಮಾರ್ಗಕ್ಕೆ ಹೋದ್ರೆ ಒಂದೊಂದು ರಾಜ್ಯಕ್ಕೂ ಒಂದೊಂದು ಮಳಿಗೆ, ತಮಿಳುನಾಡಿನ ಪೂಂಪುಹಾರ್, ಆಂಧ್ರದ ಲೇಪಾಕ್ಷಿ, ಗುಜರಾತಿನ ಗುರ್ಜರಿ, ಮಧ್ಯಪ್ರದೇಶದ ಮೃಗನಯನಿ, ನಮ್ಮ ಕಾವೇರಿನೂ ಇದೆ. ಕಾವೇರಿ ಒಳಗೆ ಹೋಗಿ ಗಂಧದ ವಾಸನೆ ಕುಡ್ಕೊಂಡು ಬಂದ್ವಿ, ಏನೂ ತಗೊಳ್ಲಿಲ್ಲ, ಅದೆಲ್ಲ ನಮ್ಮೂರಲ್ಲೇ ಸಿಗುತ್ತಲ್ಲ. ಮೃಗನಯನಿಲಿ ಅತ್ತಿಗೆ ಒಂದು ಚಂದೇರಿ ಸೀರೆ ತಗೊಂಡ್ರು, ನಾಲ್ಕು ವರ್ಷ ಆಯ್ತು, ಇನ್ನೂ ಹೊಸದರ ಹಾಗಿದೆ. ಇಲ್ಲಿ ಚೌಕಾಸಿ ಇಲ್ಲ, ಬಿಲ್ ಕೊಡ್ತಾರೆ, ಆರಾಮಾಗಿ ನೋಡ್ಬಹುದು. ಖಾದಿ ಬೇಕು ಅನ್ನೋರಿಗೆ ಕನಾಟ್ ಪ್ಲೇಸ್‌ನಲ್ಲೇ ರೀಗಲ್ ಬಿಲ್ಡಿಂಗ್‌ನಲ್ಲಿ ಖಾದಿ ಭವನ ಇದೆ.

ಒಂದು ಎಚ್ಚರ. ಆಟೋದವರು, ದಾರಿಲಿ ಸಿಗೋ ನಯವಾದ ಹುಡುಗರು ಗೌರ್ಮೆಂಟ್ ಎಂಪೋರಿಯಂ ಅಂತ ಹೇಳೋದು ಇದಲ್ಲ. ಅವು ಖಾಸಗಿ ಅಂಗಡಿಗಳು, ಕರ್ಕೊಂಡು ಬಂದವರಿಗೆ ಕಮಿಷನ್ ಹೋಗುತ್ತೆ, ಅದು ನಮ್ಮ ಬಿಲ್ಲಲ್ಲೇ ಸೇರಿರುತ್ತೆ. ಟೂರಿಸ್ಟ್ ಆಫೀಸ್ ಅಂತ ಬೋರ್ಡ್ ಹಾಕ್ಕೊಂಡು ಕೂತಿರೋ ಟ್ರಾವೆಲ್ ಏಜೆನ್ಸಿಗಳೂ ಆ ಕಡೆ ಬಹಳ ಇವೆ. ನಿಜವಾದ ಕೇಂದ್ರ ಸರ್ಕಾರದ ಟೂರಿಸಂ ಆಫೀಸ್ 88, ಜನಪಥ್‌ನಲ್ಲಿದೆ, ಮ್ಯಾಪ್ ಬೇಕಿದ್ರೆ ಅಲ್ಲಿಗೇ ನಡ್ಕೊಂಡು ಹೋಗಿ.

ಇನ್ನು ಹಳೇ ಡೆಲ್ಲಿ. ನನಗೆ ಡೆಲ್ಲಿ ಅಂದ್ರೆ ಇದೇ. ಷಹಜಹಾನನ ಮಗಳು ಜಹಾನಾರಾ 1650ರ ಹೊತ್ತಿಗೆ ಮಾಡಿಸಿದ ಬಜಾರು, ಮಧ್ಯೆ ಕಾಲುವೆ ಇತ್ತಂತೆ, ಅದರಲ್ಲಿ ಬೆಳದಿಂಗಳು ಬೀಳ್ತಿತ್ತು ಅಂತ ಚಾಂದನಿ ಚೌಕ್ ಅನ್ನೋ ಹೆಸರು. 2021ರಲ್ಲಿ ರಸ್ತೆ ಸರಿ ಮಾಡಿದ್ಮೇಲೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ಗಾಡಿ ಬಿಡಲ್ಲ, ಕೆಂಪು ಕೋಟೆ ಕಡೆಯಿಂದ ಫತೇಪುರಿ ಮಸೀದಿವರೆಗೆ ನಡೆದೇ ಹೋಗ್ಬಹುದು, ಸುಸ್ತಾದ್ರೆ ಸೈಕಲ್ ರಿಕ್ಷಾ ಇದೆ, ಹತ್ತೋ ಮುಂಚೆ ರೇಟ್ ಮಾತಾಡಿ. ಮುಖ್ಯ ರಸ್ತೆಲಿ ಬರೀ ನೋಡ್ಕೊಂಡು ಹೋದ್ರೆ ಏನೂ ಸಿಗಲ್ಲ, ಒಳಗಿನ ಗಲ್ಲಿಗಳಿಗೆ ಇಳೀಬೇಕು. ಒಂದೊಂದು ಗಲ್ಲಿಗೆ ಒಂದೊಂದು ಕಸುಬು. ದರೀಬಾ ಕಲಾನ್ ಬೆಳ್ಳಿ, ಕಿನಾರಿ ಬಜಾರ್ ಜರಿ ಲೇಸು ಅಂಚು ಮದುವೆ ಅಲಂಕಾರ, ನಯೀ ಸಡಕ್ ಪುಸ್ತಕ, ಚಾವ್ಡಿ ಬಜಾರ್ ಮದುವೆ ಕಾರ್ಡು ಹಿತ್ತಾಳೆ ಸಾಮಾನು, ಬಲ್ಲಿಮಾರಾನ್ ಚಪ್ಪಲಿ ಕನ್ನಡಕ, ಅಲ್ಲೇ ಉರ್ದು ಕವಿ ಗಾಲಿಬ್ ಇದ್ದ ಮನೆನೂ ಇದೆ. ನಾನು ಏನು ಬೇಕು ಅಂತ ಮನೇಲೇ ಬರ್ಕೊಂಡು ಹೋಗಿದ್ದೆ, ಆ ಪಟ್ಟಿ ಪ್ರಕಾರ ಗಲ್ಲಿ ಹಿಡಿದೆ, ಇಲ್ದಿದ್ರೆ ಆ ಜನಜಂಗುಳಿಲಿ ತಲೆ ತಿರುಗಿ ಹೋಗುತ್ತೆ.

ಕಿನಾರಿ ಬಜಾರಲ್ಲಿ ಮಗಳ ಲಂಗಕ್ಕೆ ಅಂತ ಗೋಟಾ, ಅಂದ್ರೆ ಹೊಳೆಯೋ ಜರಿ ಪಟ್ಟಿಯ ಅಂಚು ತಗೊಂಡೆ, ಒಂಬತ್ತು ಮೀಟರಿನ ಸುತ್ತು, ಬಿಡಿಬಿಡಿಯಾಗಿ ಮೀಟರ್ ಲೆಕ್ಕದಲ್ಲಿ ತಗೊಂಡ್ರೆ ದುಬಾರಿ ಆಗುತ್ತೆ, ಇಡೀ ಸುತ್ತು ತಗೊಳ್ಳಿ. ಉಳಿದಿದ್ದನ್ನ ಅತ್ತಿಗೆ ಅವರ ಕುಬಸಕ್ಕೆ ಹಾಕಿಸ್ಕೊಂಡ್ರು. ದರೀಬಾದಲ್ಲಿ ಬೆಳ್ಳಿ ಕಾಲ್ಗೆಜ್ಜೆ ತಗೋವಾಗ ಮೊದಲು ಅವತ್ತಿನ ಬೆಳ್ಳಿ ರೇಟ್ ಮೊಬೈಲಲ್ಲಿ ನೋಡ್ಕೊಂಡೆ, ತೂಕ ನನ್ನ ಮುಂದೆ ಹಾಕಿಸ್ದೆ, ಮಜೂರಿ ಎಷ್ಟು ಅಂತ ಬೇರೆ ಕೇಳ್ದೆ. ಚೌಕಾಸಿ ನಡೆಯೋದು ಮಜೂರಿ ಮೇಲೆ ಮಾತ್ರ, ಬೆಳ್ಳಿ ಮೇಲೆ ಯಾರಾದ್ರೂ ಬಹಳ ಬಿಡ್ತೀನಿ ಅಂದ್ರೆ ಬೆಳ್ಳಿನೇ ಕಮ್ಮಿ ಇದೆ ಅಂತ ಅರ್ಥ. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ, ಹಾಗಾಗಿ ನಾವೇ ಕೇಳ್ಬೇಕು, ಬಿಲ್ಲಲ್ಲಿ ಶುದ್ಧತೆ ಎಷ್ಟು ಅಂತ ಬರೆಸ್ಕೋಬೇಕು.

ಅದೇ ಗಲ್ಲಿಲಿ 1816ರಿಂದ ಇರೋ ಗುಲಾಬ್ ಸಿಂಗ್ ಜೋಹ್ರಿಮಲ್ ಅನ್ನೋ ಅತ್ತರಿನ ಅಂಗಡಿ ಇದೆ. ಅಲ್ಲಿ ಮಿಟ್ಟಿ ಅತ್ತರ್ ಕೇಳಿ. ಕನೌಜ್‌ನಲ್ಲಿ ಸುಟ್ಟ ಮಣ್ಣನ್ನ ಭಟ್ಟಿ ಇಳಿಸಿ ಅದರ ವಾಸನೆಯನ್ನ ಗಂಧದೆಣ್ಣೆಗೆ ಹಿಡಿಸೋದು ಹಳೇ ಪದ್ಧತಿ. ಕೈ ಹಿಂಭಾಗಕ್ಕೆ ಒಂದು ಹನಿ ಹಚ್ಚಿದ್ರು, ಮೊದಲ ಮಳೆ ಬಿದ್ದಾಗ ಅಂಗಳದಿಂದ ಬರೋ ಘಮ, ಅದೇ, ಒಂಚೂರೂ ಬೇರೆ ಅಲ್ಲ. ಸಣ್ಣ ಶೀಶೆ ತಗೊಂಡೆ. ಅತ್ತರ್ ತಗೋವಾಗ ಹಚ್ಚಿದ ತಕ್ಷಣ ತೀರ್ಮಾನ ಮಾಡ್ಬೇಡಿ, ಇನ್ನೊಂದು ಗಲ್ಲಿ ಸುತ್ತಾಡ್ಕೊಂಡು ಬನ್ನಿ, ಅರ್ಧ ಗಂಟೆ ಬಿಟ್ಟು ಉಳಿಯೋ ವಾಸನೆನೇ ಅದರ ನಿಜವಾದ ವಾಸನೆ.

ಫತೇಪುರಿ ಮಸೀದಿ ದಾಟಿದ್ರೆ ಖಾರಿ ಬಾವಲಿ, ಮಸಾಲೆ ಸಗಟು ಮಾರ್ಕೆಟ್ಟು. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತೆ, ಕರ್ಚೀಫ್ ಇಟ್ಕೊಂಡಿರಿ. ಇಲ್ಲಿ ನಮ್ಮ ಕಡೆಯವರು ಮಾಡೋ ತಪ್ಪು ಏಲಕ್ಕಿ, ಕಾಳುಮೆಣಸು ತಗೊಳ್ಳೋದು. ಅದು ಕೊಡಗು, ಮಲೆನಾಡಲ್ಲಿ ಬೆಳೆಯೋದು ಕಣ್ರೀ, ಅಲ್ಲಿಂದ ಹೊತ್ಕೊಂಡು ಬರೋದ್ರಲ್ಲಿ ಅರ್ಥ ಇಲ್ಲ. ನಾನು ತಗೊಂಡಿದ್ದು ಅಕ್ರೋಟು, ಮಾಮ್ರಾ ಬಾದಾಮಿ, ಒಣ ಅಂಜೂರ, ಕಸೂರಿ ಮೇಥಿ, ಇಂಗು. ಬಾಯಿಗೆ ಹಾಕ್ಕೊಂಡು ನೋಡದೆ ಡ್ರೈಫ್ರೂಟ್ಸ್ ತಗೋಬೇಡಿ, ಅಕ್ರೋಟು ಹಳೇದಾಗಿದ್ರೆ ಕಹಿ ಎಣ್ಣೆ ವಾಸನೆ ಬರುತ್ತೆ. ಕೇಸರಿ ಬೀದಿ ಅಂಗಡಿಲಿ ತಗೊಳ್ಲೇ ಇಲ್ಲ, ಅದರಲ್ಲಿ ಮೋಸ ಜಾಸ್ತಿ.

ಭಾನುವಾರದ ಪುಸ್ತಕದ ಬಜಾರು ಮೊದಲು ದರಿಯಾಗಂಜ್ ಫುಟ್‌ಪಾತ್ ಮೇಲೆ ಇತ್ತು, 2019ರಲ್ಲಿ ಹೈಕೋರ್ಟ್ ಆದೇಶ ಆದ್ಮೇಲೆ ಆಸಫ್ ಅಲಿ ರಸ್ತೆ ಪಕ್ಕ ಮಹಿಳಾ ಹಾಟ್‌ಗೆ ಹೋಗಿದೆ, ಡೆಲ್ಲಿ ಗೇಟ್ ಮೆಟ್ರೋ ಸ್ಟೇಷನ್ ಹತ್ರ. ಮಗಳು ಎರಡು ಬ್ಯಾಗ್ ತುಂಬಿಸಿದ್ಳು, ಕೆಲವು ಪುಸ್ತಕ ಕೆಜಿ ಲೆಕ್ಕದಲ್ಲೂ ಕೊಡ್ತಾರೆ. ಪುಟ ಬಿಟ್ಟಿರೋದು, ಜೆರಾಕ್ಸ್ ಥರ ಕಳ್ಳ ಪ್ರಿಂಟು ಎಲ್ಲಾ ಇರುತ್ತೆ, ಮಧ್ಯ ಬಿಡಿಸಿ ನೋಡ್ಕೊಳ್ಳಿ.

ದಿಲ್ಲಿ ಹಾಟ್ ಬಗ್ಗೆ ಕೆಲವರು ಈಗ ಮೊದಲಿನ ಹಾಗಿಲ್ಲ ಅಂತಾರೆ. ಸ್ವಲ್ಪ ನಿಜ. 1994ರಲ್ಲಿ ಶುರುವಾಗಿದ್ದು ಕುಶಲಕರ್ಮಿಗಳು ತಾವೇ ಬಂದು ಮಾರ್ಲಿ ಅಂತ, ಹದಿನೈದು ದಿನಕ್ಕೊಮ್ಮೆ ಸ್ಟಾಲ್‌ನವರು ಬದಲಾಗ್ತಾರೆ, ಒಳಗೆ ಹೋಗೋಕೆ ಸಣ್ಣ ಟಿಕೆಟ್ ಇದೆ. ಈಗ ತಂದು ಮಾರೋ ವ್ಯಾಪಾರಿಗಳೂ ಸೇರ್ಕೊಂಡಿದಾರೆ. ಪಕ್ಕದ ಪಕ್ಕದ ನಾಲ್ಕು ಸ್ಟಾಲಲ್ಲಿ ಒಂದೇ ಥರ ಸಾಮಾನು ಇದ್ರೆ ನಾನು ಮುಂದೆ ಹೋಗ್ತೀನಿ. ಇದನ್ನ ಹೇಗೆ ಮಾಡ್ತೀರಾ ಅಂತ ಒಂದು ಪ್ರಶ್ನೆ ಕೇಳಿ ನೋಡಿ, ತಾವೇ ಮಾಡೋರಾದ್ರೆ ಮುಖ ಅರಳುತ್ತೆ, ಕೈಯಲ್ಲಿ ತೋರಿಸೋಕೆ ಶುರು ಮಾಡ್ತಾರೆ. ಕೇಂದ್ರ ಸರ್ಕಾರ ಕರಕುಶಲ ಕೆಲಸದವರಿಗೆ ಕೊಡೋ ಪೆಹಚಾನ್ ಕಾರ್ಡ್ ಕೂಡ ಇರುತ್ತೆ, ಕೇಳಿದ್ರೆ ತೋರಿಸ್ತಾರೆ. ಅಲ್ಲಿ ಹಿಮಾಚಲದ ಕುಲ್ಲೂ ಕಡೆಯಿಂದ ಬಂದಿದ್ದ ಒಬ್ರು ನೇಕಾರರ ಹತ್ರ ಅಮ್ಮನಿಗೆ ಶಾಲು ನೋಡಿದೆ. ಪಶ್ಮಿನಾನಾ ಅಂತ ಕೇಳಿದ್ದಕ್ಕೆ, ಅಲ್ಲಮ್ಮಾ, ಇದು ಮಾಮೂಲಿ ಉಣ್ಣೆ, ಸ್ವಲ್ಪ ಒರಟು, ಎರಡು ಚಳಿಗಾಲ ಕಳೆದ್ರೆ ಮೆತ್ತಗಾಗುತ್ತೆ ಅಂದ್ರು. ತಮ್ಮ ಸಾಮಾನು ಏನಲ್ಲ ಅನ್ನೋದನ್ನ ನೇರವಾಗಿ ಹೇಳಿದ ವ್ಯಾಪಾರಸ್ಥರನ್ನ ಆ ಊರಲ್ಲಿ ನಾನು ನೋಡಿದ್ದು ಅವರೊಬ್ಬರನ್ನೇ. 1,400 ಹೇಳಿದ್ರು, ನಾನು ಚೌಕಾಸಿ ಮಾಡ್ಲಿಲ್ಲ. ಕೈಯಲ್ಲಿ ನೇಯ್ದವರ ಹತ್ರ ನಾನು ಮಾಡಲ್ಲ, ಅದು ನನ್ನ ನಿಯಮ.

ಚೌಕಾಸಿ ಎಲ್ಲಾ ಸರೋಜಿನಿಗೆ, ಜನಪಥ್ ಬೀದಿಗೆ. ಸರೋಜಿನಿಲಿ ಬರೋದು ಎಕ್ಸ್‌ಪೋರ್ಟ್‌ನಲ್ಲಿ ಉಳಿದಿದ್ದು, ಸಣ್ಣಪುಟ್ಟ ದೋಷ ಇರೋದು. ಟ್ರಯಲ್ ಇಲ್ಲ, ಬದಲಾಯಿಸ್ಕೊಡೋದು ಇಲ್ಲ, ಅದಕ್ಕೇ ಅಳತೆ ಟೇಪ್ ಬ್ಯಾಗಲ್ಲಿ ಇಟ್ಕೊಂಡು ಹೋಗಿದ್ದೆ, ನಮಗೆ ಸರಿಯಾಗಿರೋ ಒಂದು ಕುರ್ತಿಯ ಅಳತೆ ಬರ್ಕೊಂಡಿದ್ದೆ. ಜಿಪ್ಪು, ಕಂಕುಳ ಹೊಲಿಗೆ, ಹಿಂಬದಿ ಕಲೆ ಮೂರನ್ನೂ ಬೆಳಕಲ್ಲಿ ಹಿಡಿದು ನೋಡಿ. ವಾರದ ದಿನ ಹನ್ನೊಂದಕ್ಕೆ ಹೋದ್ರೆ ನಿಂತು ನೋಡೋಕೆ ಜಾಗ ಇರುತ್ತೆ, ಬೋಣಿ ಟೈಮಲ್ಲಿ ಬಂದ ಗಿರಾಕಿನ ವಾಪಸ್ ಕಳಿಸೋಕೆ ಅವರಿಗೂ ಮನಸಿರಲ್ಲ. ಭಯ್ಯಾ ಠೀಕ್ ಲಗಾವೋ, ಅಂದ್ರೆ ಅಣ್ಣಾ ಸರಿಯಾದ ರೇಟ್ ಹಾಕು ಅಂತ ಒಂದ್ಸಲ ಹೇಳಿ, ನಮ್ಮ ರೇಟ್ ಹೇಳಿ, ಸುಮ್ಮನೆ ನಡೀತಾ ಇರ್ಬೇಕು. ಜನಪಥಲ್ಲಿ ಮೊದಲು ಹೇಳೋ ಬೆಲೆಯ ಮೂರನೇ ಒಂದು ಭಾಗದಿಂದ ನಾನು ಶುರು ಮಾಡ್ತೀನಿ, ಅರ್ಧದ ಹತ್ರ ನಿಲ್ಲುತ್ತೆ. ನೂರು, ಇನ್ನೂರರ ನೋಟು ಇಟ್ಕೊಂಡಿರಿ, ಪರ್ಸು ಮುಂದೆ ಹಾಕ್ಕೊಳ್ಳಿ, ನೂಕುನುಗ್ಗಲಲ್ಲಿ ಅತ್ತಿಗೆ ಮೊಬೈಲ್ ಹೋಗೋದು ಸ್ವಲ್ಪದರಲ್ಲಿ ತಪ್ಪಿತು.

ಸಾಮಾನು ಜಾಸ್ತಿ ಆಯ್ತು ಅಂತ ಏರ್‌ಪೋರ್ಟಲ್ಲಿ ಎಕ್ಸ್‌ಟ್ರಾ ದುಡ್ಡು ಕಟ್ಟೋ ಬದಲು ಪೋಸ್ಟಲ್ಲಿ ಕಳಿಸಿದ್ವಿ. ಎಂಪೋರಿಯಂ ರಸ್ತೆಯ ಹತ್ರಾನೇ ಗೋಲ್ ಡಾಕ್ ಖಾನಾ ಇದೆ, ದುಂಡಗಿರೋ ಹಳೇ ಪೋಸ್ಟಾಫೀಸು. ಪುಸ್ತಕಗಳು, ಹೊದಿಕೆ, ಗೋಟಾ ಸುತ್ತು ಎಲ್ಲಾ ಎರಡು ರಟ್ಟಿನ ಡಬ್ಬಕ್ಕೆ ತುಂಬಿ ಪಾರ್ಸೆಲ್ ಮಾಡಿದ್ವಿ, ನಾವು ಊರಿಗೆ ಬಂದ ಆರನೇ ದಿನ ಬಂತು, ಒಂದು ಪುಸ್ತಕದ ಮೂಲೆ ಮಡಚಿದ್ದು ಬಿಟ್ರೆ ಏನೂ ಆಗಿರ್ಲಿಲ್ಲ. ಶಾಲನ್ನ ಮಾತ್ರ ಪಾರ್ಸೆಲ್ಲಿಗೆ ಹಾಕದೆ ನನ್ನ ಕೈಬ್ಯಾಗಲ್ಲೇ ತಂದೆ. ಅಮ್ಮ ಬಿಡಿಸಿ ನೋಡಿ, ಇದೂ ಪಶ್ಮಿನಾನಾ ಅಂತ ಕೇಳಿದ್ರು. ಇಲ್ಲಮ್ಮಾ, ಉಣ್ಣೆದು ಅಂದೆ.