ಸೀತಾಫಲದ ಬಳಗವನ್ನು ಹಿತ್ತಲಲ್ಲಿ ಬೆಳೆಸಿ, ರುಚಿ ಹೋಲಿಸಿ ನೋಡಿ

ಮಳೆಗಾಲ ಮುಗಿಯುತ್ತಾ ಬಂದಂತೆ ಚಿತ್ರದುರ್ಗದ ಸುತ್ತಲಿನ ಗುಡ್ಡಗಳಿಂದ ಬುಟ್ಟಿಗಟ್ಟಲೆ ಸೀತಾಫಲ ಪೇಟೆಗೆ ಇಳಿಯುತ್ತದೆ. ನೀರು ಹಾಕಿದವರಿಲ್ಲ, ಗೊಬ್ಬರ ಕೊಟ್ಟವರಿಲ್ಲ. ಹೆಸರು ಕೇಳಿದರೆ ರಾಮಾಯಣದ ಕಾಲದಿಂದ ಇಲ್ಲೇ ಇದ್ದ ಗಿಡ ಅನ್ನಿಸುತ್ತದೆ, ಅಲ್ವಾ? ಆದರೆ ಇದರ ತವರು ಅಮೆರಿಕ ಖಂಡದ ಬಿಸಿಲು ನಾಡು. ರಾಮಫಲ, ಲಕ್ಷ್ಮಣಫಲ, ಹನುಮಫಲ ಕೂಡ ಅದೇ ಕಡೆಯ ನೆಂಟರು.

ಈ ನೆಂಟರನ್ನು ನಮ್ಮಲ್ಲಿ ತಿಂದವರು ಕಡಿಮೆ. ತಿಂದವರೂ ಎಲ್ಲೋ ಒಂದು ಅರೆಬಲಿತ ಹಣ್ಣು ತಿಂದು, ‘ಸಪ್ಪೆ’ ಎಂದು ಕೈಬಿಟ್ಟಿರುತ್ತಾರೆ. ಭರಮಸಾಗರದ ಹತ್ತಿರದ ನಮ್ಮ ಹೊಲದಲ್ಲಿ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬೆಳೆಸಿದ ಮೇಲೆ ನನಗೆ ಖಾತ್ರಿಯಾಯಿತು: ಮಣ್ಣು, ನೀರು ಒಂದೇ ಇದ್ದು, ಪ್ರತಿ ಹಣ್ಣನ್ನೂ ಅದರದೇ ಹದದಲ್ಲಿ ತಿಂದರೆ ಮಾತ್ರ ಯಾವುದು ಹೇಗೆ ಅಂತ ಹೇಳಲು ಬರುತ್ತದೆ.

ಮೊದಲ ಕೆಲಸ, ಸಸಿ ಗುರುತಿಸುವುದು. ಒಂದು ನರ್ಸರಿಯಲ್ಲಿ ಹನುಮಫಲ ಎಂದು ಕೊಟ್ಟ ಸಸಿ ನನ್ನಲ್ಲಿ ಮೂರು ವರ್ಷ ಬೆಳೆದು ರಾಮಫಲ ಬಿಟ್ಟಿತು. ಎಲೆ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಸೀತಾಫಲದ ಎಲೆ ತೆಳು, ಹೊಳಪಿಲ್ಲದ್ದು. ರಾಮಫಲದ್ದು ಉದ್ದ, ಕಿರಿದು. ಲಕ್ಷ್ಮಣಫಲದ್ದು ದಪ್ಪ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ; ಹಿಸುಕಿದರೆ ಘಾಟು ವಾಸನೆ.

ಹನುಮಫಲದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಈ ಹೆಸರಿನಲ್ಲಿ ಚೆರಿಮೋಯವನ್ನೂ ಮಾರುತ್ತಾರೆ, ಅಟೆಮೋಯವನ್ನೂ ಮಾರುತ್ತಾರೆ. ಚೆರಿಮೋಯ ಆಂಡಿಸ್ ಬೆಟ್ಟಗಳ ತಂಪಿನ ಗಿಡ. ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಚೆರಿಮೋಯ ಮತ್ತು ಸೀತಾಫಲವನ್ನು ಸೇರಿಸಿ 1908ರಲ್ಲಿ ಫ್ಲೋರಿಡಾದಲ್ಲಿ ಮಾಡಿದ ಮಿಶ್ರತಳಿಯೇ ಅಟೆಮೋಯ. ಅದನ್ನು ಮತ್ತೆ ಸೀತಾಫಲದೊಂದಿಗೆ ಸೇರಿಸಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಸಹನ್’ ತಳಿ ಕೊಟ್ಟಿದೆ. ನಮ್ಮ ಕಡೆಗೆ ಹನುಮಫಲದ ಜಾಗಕ್ಕೆ ಇದನ್ನೇ ತನ್ನಿ. ಬೀಜ ಕಡಿಮೆ, ತಿರುಳು ಜಾಸ್ತಿ.

ನೆಡಲು ಮೃಗಶಿರ ಮಳೆ ಒಳ್ಳೆಯದು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಗಿಡದಿಂದ ಗಿಡಕ್ಕೆ ಹದಿನೈದು ಅಡಿ ಇರಲಿ. ದುರ್ಗದ ಕೆಂಪು ಗರಸು ಮಣ್ಣಿನಲ್ಲಿ ಇಷ್ಟು ಸಾಕು. ದಾವಣಗೆರೆ, ಹರಿಹರದ ಕಡೆಯ ಎರೆ ಮಣ್ಣಾದರೆ ದಿಬ್ಬ ಮಾಡಿ ಅದರ ಮೇಲೆ ನೆಡಿ. ಈ ಗಿಡಗಳು ಬರ ತಡೆಯುತ್ತವೆ, ಬೇರಿಗೆ ನಿಂತ ನೀರು ತಡೆಯುವುದಿಲ್ಲ. ಲಕ್ಷ್ಮಣಫಲ ಮಾತ್ರ ಬೇಸಿಗೆಯಲ್ಲೂ ನೀರು ಕೇಳುತ್ತದೆ. ದುರ್ಗದ ಗಾಳಿ ಗೊತ್ತಲ್ಲ, ಅದಕ್ಕೆ ಮನೆಯ ಮರೆಯಲ್ಲೋ ಹೊಂಗೆ ಮರದ ಮರೆಯಲ್ಲೋ ಜಾಗ ಕೊಡಿ.

ಕಸಿ ಗಿಡ ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ಹೂ ತುಂಬಾ ಬಿಟ್ಟು ಕಾಯಿ ಒಂದೂ ನಿಲ್ಲಲಿಲ್ಲ ಎಂಬ ದೂರು ಆಗಲೇ ಶುರು. ಕಾರಣ ಹೂವಿನೊಳಗೇ ಇದೆ. ಒಂದೇ ಹೂ ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ತನ್ನ ಪರಾಗ ಉದುರುವ ಹೊತ್ತಿಗೆ ಅದರ ಹೆಣ್ಣಿನ ಸರದಿ ಮುಗಿದಿರುತ್ತದೆ. ಒಂದು ಹೂವಿಂದ ಇನ್ನೊಂದಕ್ಕೆ ಪರಾಗ ಒಯ್ಯಬೇಕಾದ ಪುಟ್ಟ ದುಂಬಿಗಳು ಬಿರುಬಿಸಿಲಲ್ಲಿ ಬರುವುದು ಕಡಿಮೆ. ಆ ಕೆಲಸ ನಾವು ಮಾಡಬೇಕು.

ಬೆಳಗ್ಗೆ ಆರೂವರೆಗೆ ಒಂದು ಸಣ್ಣ ಬಟ್ಟಲು, ಮಕ್ಕಳ ಬಣ್ಣದ ಬ್ರಷ್ ಹಿಡಿದು ಹೋಗಿ. ಎಸಳು ಪೂರ್ತಿ ಬಿಚ್ಚಿಕೊಂಡ ಸೀತಾಫಲದ ಹೂ ಕಿತ್ತು ಬಟ್ಟಲಿಗೆ ತಟ್ಟಿ. ರವೆಯಂಥ ಕೇಸರಗಳು ಉದುರುತ್ತವೆ, ಜೊತೆಗೆ ಹಿಟ್ಟಿನಂಥ ಪರಾಗ. ಈಗ ಎಸಳು ತುದಿಯಲ್ಲಿ ಮಾತ್ರ ಬಿರುಕು ಬಿಟ್ಟ ಹೂ ಹುಡುಕಿ. ಮೂರು ಎಸಳನ್ನು ಎರಡು ಬೆರಳಲ್ಲಿ ಮೆಲ್ಲಗೆ ಅಗಲಿಸಿದರೆ ನಡುವೆ ಅಂಟಂಟಾಗಿ ಮಿನುಗುವ ಪುಟ್ಟ ಉಬ್ಬು ಇರುತ್ತದೆ, ಅದೇ ಹೂವಿನ ಹೆಣ್ಣು ಭಾಗ. ಬ್ರಷ್ಷನ್ನು ಪರಾಗದಲ್ಲಿ ಅದ್ದಿ ಅದರ ಸುತ್ತಲೂ ಸವರಿ. ಒಂದೇ ಬದಿಗೆ ಸವರಿದರೆ ಹಣ್ಣು ಸೊಟ್ಟಗಾಗುತ್ತದೆ. ಅರ್ಕಾ ಸಹನ್ ಹೂವಿಗೂ ಸೀತಾಫಲದ ಪರಾಗವೇ ಸಾಕು. ನಮ್ಮ ಗಿಡದಲ್ಲಿ ಒಳ್ಳೆಯ ಆಕಾರದ ಹಣ್ಣು ನಿಂತದ್ದು ಬ್ರಷ್ ಹಿಡಿದ ಮೇಲೆಯೇ.

ಕಾಯಿಗೆ ಬಿಳಿ ಹಿಟ್ಟು ತಿಗಣೆ ಬಂದರೆ ಇರುವೆಗಳನ್ನು ತಡೆಯಿರಿ, ಅವೇ ತಿಗಣೆಯನ್ನು ಸಾಕುವುದು. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ.

ಕೀಳುವ ಹದ ಒಂದೊಂದಕ್ಕೆ ಒಂದೊಂದು. ಸೀತಾಫಲ ‘ಕಣ್ಣು ಬಿಡಬೇಕು’; ಗಂಟುಗಳ ನಡುವಿನ ಗೆರೆ ಅಗಲವಾಗಿ ಬಿಳಿಹಳದಿ ಕಾಣಬೇಕು. ರಾಮಫಲಕ್ಕೆ ಕೆಂಪು ಛಾಯೆ ಬರಬೇಕು. ಲಕ್ಷ್ಮಣಫಲದ ಕಡುಹಸಿರು ತಿಳಿಯಾಗಿ, ಮುಳ್ಳುಗಳು ದೂರ ಸರಿದಿರಬೇಕು. ಕಿತ್ತದ್ದನ್ನು ಹುಲ್ಲಿನಲ್ಲಿಟ್ಟು ಮಾಗಿಸಿ. ಕಾಯಿಯನ್ನು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಹಣ್ಣೂ ಆಗುವುದಿಲ್ಲ.

ಇನ್ನು ರುಚಿ. ನಾಲ್ಕೂ ಒಂದೇ ದಿನ ಸಿಗುವುದಿಲ್ಲ. ಸೀತಾಫಲ, ಅರ್ಕಾ ಸಹನ್ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತವೆ. ರಾಮಫಲ ಬರುವುದು ಶಿವರಾತ್ರಿಯ ಆಸುಪಾಸು. ಅದಕ್ಕೆ ನಾವು ಸೀತಾಫಲದ ತಿರುಳನ್ನು ಬೀಜ ತೆಗೆದು ಫ್ರೀಜರ್‌ನಲ್ಲಿಡುತ್ತೇವೆ. ರಾಮಫಲ ಬಂದಾಗ ಅದರ ತಿರುಳನ್ನೂ ಒಂದು ರಾತ್ರಿ ಅಲ್ಲೇ ಇಟ್ಟು, ಎರಡನ್ನೂ ಒಟ್ಟಿಗೆ ಕರಗಿಸಿ ತಿನ್ನುತ್ತೇವೆ. ಯಾವ ಕಾರಣಕ್ಕೂ ಕಾಯಿಸಬೇಡಿ, ಸೀತಾಫಲ ಬಿಸಿಯಾದರೆ ಕಹಿಯಾಗುತ್ತದೆ.

ತಿರುಳನ್ನು ಹಣ್ಣಿನ ನಡುವಿನಿಂದ ತೆಗೆಯಿರಿ, ಸಿಪ್ಪೆಯ ಹತ್ತಿರದ್ದು ಮರಳುಮರಳು. ಸಪ್ಪೆಯಿಂದ ಶುರುಮಾಡಿ: ರಾಮಫಲ, ಸೀತಾಫಲ, ಅರ್ಕಾ ಸಹನ್. ಲಕ್ಷ್ಮಣಫಲ ಕೊನೆಗೆ, ಅದರ ಹುಳಿ ನಾಲಿಗೆಯಲ್ಲೇ ಉಳಿಯುತ್ತದೆ. ನಡುನಡುವೆ ಒಗ್ಗರಣೆ ಇಲ್ಲದ ಒಂದು ಹಿಡಿ ಮಂಡಕ್ಕಿ, ಒಂದು ಗುಟುಕು ನೀರು. ದಾವಣಗೆರೆ ಸೀಮೆಯವರಿಗೆ ಬೇರೇನು ಬೇಕು?

ನಮ್ಮಮ್ಮ ಕಣ್ಣು ಮುಚ್ಚಿಕೊಂಡೇ ತಿಂದು ಹೇಳಿದ್ದು ಹೀಗೆ: ರಾಮಫಲ ಸಕ್ಕರೆ ಕಡಿಮೆಯಾದ ಪಾಯಸ. ಸೀತಾಫಲ ಸಿಹಿ, ಬಾಯಲ್ಲಿ ರವೆರವೆ. ಅರ್ಕಾ ಸಹನ್ ಬೆಣ್ಣೆ, ಸಿಹಿ ಇನ್ನೂ ಜಾಸ್ತಿ. ಲಕ್ಷ್ಮಣಫಲ ಅನಾನಸ್ ಬೆರೆಸಿದ ಮೊಸರು, ಹತ್ತಿಯಂಥ ನಾರು. ನನಗೆ ಅರ್ಕಾ ಸಹನ್‌ಗಿಂತ ಗುಡ್ಡದ ಸೀತಾಫಲವೇ ಇಷ್ಟ. ಅದರ ಪರಿಮಳ ಇದಕ್ಕಿಲ್ಲ. ತಿಂದ ದಿನವೇ ನೋಟ್‌ಬುಕ್ಕಿನಲ್ಲಿ ಸಿಹಿ, ಹುಳಿ, ಪರಿಮಳ, ಮರಳು, ಬೀಜ ಎಂದು ಐದು ಸಾಲು ಬರೆದಿಡಿ, ಗಿಡದ ನಂಬರ್ ಸಮೇತ.

ಎರಡು ಮಾತು ಮರೆಯಬೇಡಿ. ಈ ಹಣ್ಣುಗಳ ಬೀಜ ವಿಷ. ಮಿಕ್ಸಿಯಲ್ಲಿ ತಿರುಳಿನ ಜೊತೆ ರುಬ್ಬಬೇಡಿ. ಹೇನಿಗೆಂದು ಬೀಜದ ಪುಡಿ ತಲೆಗೆ ಹಚ್ಚಬೇಡಿ, ಕಣ್ಣಿಗೆ ಬಿದ್ದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ ಪೆಟ್ಟು. ಲಕ್ಷ್ಮಣಫಲ ಕ್ಯಾನ್ಸರ್ ವಾಸಿಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಯಾರೂ ಅದನ್ನು ನಂಬಿ ಚಿಕಿತ್ಸೆ ಬಿಡಬಾರದು.

ಚಳಿಗಾಲದಲ್ಲಿ ಸೀತಾಫಲ ಎಲೆ ಉದುರಿಸುತ್ತದೆ. ಹೊಸ ಚಿಗುರು ಬರುವ ಮುಂಚೆ ನೋಟ್‌ಬುಕ್ ತೆಗೆದು, ಮನೆಯವರೆಲ್ಲ ಒಪ್ಪಿದ ಗಿಡ ಯಾವುದೆಂದು ನೋಡಿ. ಅದರಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅವತ್ತೇ ನಾಟಿ ಸೀತಾಫಲದ ಸಸಿಗೆ ಕಸಿ ಕಟ್ಟಿ.